ಅಲಗು ಗಿಡ್ಡವಾದಾಗ ಪ್ರತಿದಾಳಿ ಏಕೆ ಕೈಕೊಡುತ್ತದೆ?

ಪ್ರಶ್ನೆ: ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಾವು ಕೆಲವರು ಹದಿನೇಳನೆಯ ಶತಮಾನದ ಇಟಲಿಯ ರೇಪಿಯರ್ (ತಿವಿಯಲೆಂದೇ ಇರುವ ಉದ್ದನೆಯ, ಸಪೂರ ಕತ್ತಿ) ಪದ್ಧತಿಯನ್ನು ಅಭ್ಯಾಸ ಮಾಡುತ್ತೇವೆ. ನಮ್ಮ ಕತ್ತಿಗಳ ಅಲಗು 108 ಸೆಂ.ಮೀ. ಉದ್ದವಿದೆ. ಎದುರಾಳಿ ಲಂಜ್ ಮಾಡಿ, ಅಂದರೆ ಮುಂಗಾಲನ್ನು ದೂರಕ್ಕೆ ಚಾಚಿ ಮುನ್ನುಗ್ಗಿ, ಎದೆಗೆ ತಿವಿಯಲು ಬಂದಾಗ, ಅವನ ಅಲಗನ್ನು ನನ್ನ ಅಲಗಿನ ಬುಡದಿಂದ ಪಕ್ಕಕ್ಕೆ ಒತ್ತುತ್ತಲೇ ತೋಳು ಚಾಚಿ, ಒಂದೇ ಚಲನೆಯಲ್ಲಿ ಮೊನೆಯನ್ನು ಅವನಿಗೆ ತಾಗಿಸುವ ಪ್ರತಿದಾಳಿ ನನಗೆ ಚೆನ್ನಾಗಿಯೇ ಕೂಡಿಬರುತ್ತದೆ. ಈಚೆಗೆ ಹದಿನೆಂಟನೆಯ ಶತಮಾನದ ಸ್ಮಾಲ್‌ಸ್ವೋರ್ಡ್ ಮಾದರಿಯ, 82 ಸೆಂ.ಮೀ. ಅಲಗಿನ ಹಗುರ ಕತ್ತಿಗಳನ್ನು ಹಿಡಿಯಲಾರಂಭಿಸಿದ್ದೇವೆ. ಇಲ್ಲಿ ಅದೇ ಪಟ್ಟು ಹಾಕಿದರೆ ಇಬ್ಬರಿಗೂ ಒಟ್ಟಿಗೇ ಏಟು ಬೀಳುತ್ತದೆ. ಇಬ್ಬರ ಕತ್ತಿಯೂ ಒಂದೇ ಪ್ರಮಾಣದಲ್ಲಿ ಗಿಡ್ಡವಾಗಿರುವಾಗ ಹೀಗೇಕೆ ಆಗಬೇಕು? ನನ್ನ ವೇಗ ಸಾಲದು ಎಂದು ಜೊತೆಯವರು ಹೇಳುತ್ತಾರೆ. ನನಗೆ ಆ ಉತ್ತರ ಒಪ್ಪಿಗೆಯಾಗಿಲ್ಲ.

ಉತ್ತರ: ತೋಟದಮನೆ, ಶಿರಸಿ

ಕಾಳಿತೀರ ಅವರೇ, ವೇಗದ ಮಾತು ಆಮೇಲೆ. ಮೊದಲು ಅಂತರದ ಲೆಕ್ಕ ನೋಡೋಣ. ಇಬ್ಬರೂ ತೋಳನ್ನು ಪೂರ್ತಿ ಚಾಚಿದ್ದಾರೆ, ಇಬ್ಬರ ಮೊನೆಯೂ ಎದುರಿನವನ ಎದೆಗೆ ಆಗಷ್ಟೇ ತಾಗುತ್ತಿದೆ ಎಂದಿಟ್ಟುಕೊಳ್ಳಿ. ಎದೆಯಿಂದ ಕತ್ತಿಯ ಹಿಡಿಯವರೆಗೆ ಸುಮಾರು 60 ಸೆಂ.ಮೀ. ಎಂದುಕೊಂಡರೆ, ಆ ಗಳಿಗೆಯಲ್ಲಿ ನಿಮ್ಮ ಹಿಡಿಗೂ ಅವನ ಹಿಡಿಗೂ ನಡುವೆ ಉಳಿಯುವ ಜಾಗವು ಅಲಗಿನ ಉದ್ದದಲ್ಲಿ ತೋಳಿನ ಉದ್ದವನ್ನು ಕಳೆದಷ್ಟು ಮಾತ್ರ. 108ರ ಅಲಗಿಗೆ ಅದು 48 ಸೆಂ.ಮೀ. ಆದರೆ 82ರ ಅಲಗಿಗೆ ಬರೀ 22 ಸೆಂ.ಮೀ. ಹೀಗಾಗಿ ಉದ್ದ ಕತ್ತಿಯಲ್ಲಿ ನಿಮ್ಮ ಅಲಗಿನ ಬುಡವು ಅವನ ಅಲಗಿನ ಹೆಚ್ಚುಕಡಿಮೆ ನಡುಭಾಗವನ್ನು ಹಿಡಿಯುತ್ತದೆ, ಅಲ್ಲಿ ನಿಮ್ಮ ಕೈಯೇ ಮೇಲು. ಗಿಡ್ಡ ಕತ್ತಿಯಲ್ಲಿ ನಿಮ್ಮ ಬುಡ ಅವನ ಬುಡಕ್ಕೇ ಹೋಗಿ ತಾಗುತ್ತದೆ. ಬುಡಕ್ಕೆ ಬುಡ ಸಿಕ್ಕಿದ ಮೇಲೆ ಯಾರೂ ಯಾರನ್ನೂ ಸುಲಭವಾಗಿ ಸರಿಸಲಾರರು. ಅವನ ಮೊನೆ ಹಿಡಿದ ದಾರಿಯಲ್ಲೇ ಬರುತ್ತದೆ.

ಈಗ ತೋಳನ್ನು ಚಾಚದೆ, ಹಿಡಿಯನ್ನು ಎದೆಯಿಂದ 30 ಸೆಂ.ಮೀ. ದೂರದಲ್ಲಿಟ್ಟು ಮೊದಲು ತಡೆಯಿರಿ. ಅವನ ಮೊನೆ ಎದೆಯ ಹತ್ತಿರ ಬಂದಾಗ ನಿಮ್ಮ ಬುಡ ಅವನ ಕೈಯಿಂದ 52 ಸೆಂ.ಮೀ. ಆಚೆ, ಅಲಗಿನ ದುರ್ಬಲ ಭಾಗದ ಕಡೆಗೆ ತಾಗುತ್ತದೆ. ಅಲ್ಲಿ ಬೆರಳುಗಳ ಬಲವೇ ಸಾಕು. ಆಮೇಲೆ ತೋಳು ಚಾಚಿ ಮರುತಿವಿತ ಕೊಡಿ. ಗಿಡ್ಡ ಅಲಗು ಕೇಳುವುದು ಈ ಎರಡು ಚಲನೆಗಳ ಕ್ರಮವನ್ನೇ.

ಎರಡು ಚಲನೆಗೆ ಸಮಯವೆಲ್ಲಿ ಎಂದು ಕೇಳಬಹುದು. ಒಂದೇ ದಪ್ಪದ ಎರಡು ಅಲಗುಗಳಲ್ಲಿ, ಹಿಡಿಯ ಸುತ್ತ ತಿರುಗಿಸಲು ಬೇಕಾಗುವ ಶ್ರಮ ಉದ್ದದ ಘನದಷ್ಟು ಏರುತ್ತದೆ. ಆ ಲೆಕ್ಕದಲ್ಲಿ 108ರ ಅಲಗು 82ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಡ. ನಮ್ಮ ಕಡೆ ಅಡಿಕೆ ಕೊಯ್ಯುವ ದೋಟಿಗೆ ಇನ್ನೊಂದು ತುಂಡು ಸೇರಿಸಿದವರಿಗೆ ಇದು ಗೊತ್ತು: ತುದಿಯನ್ನು ಹೊರಡಿಸುವುದೂ ಕಷ್ಟ, ಹೊರಟದ್ದನ್ನು ನಿಲ್ಲಿಸುವುದೂ ಕಷ್ಟ. ರೇಪಿಯರ್‌ನಲ್ಲಿ ತಡೆದು, ಮತ್ತೆ ತಿರುಗಿಸಿ ತಿವಿಯುವಷ್ಟರಲ್ಲಿ ಎದುರಾಳಿ ಹಿಂದೆ ಸರಿದಿರುತ್ತಾನೆ. ಸ್ಮಾಲ್‌ಸ್ವೋರ್ಡ್‌ನಲ್ಲಿ ಅವನಿಗೆ ಅಷ್ಟು ಬಿಡುವು ಸಿಗುವುದಿಲ್ಲ.

ಉತ್ತರ: ಅಘನಾಶಿನಿ, ಕುಮಟಾ

ತೋಟದಮನೆಯವರ ಲೆಕ್ಕವನ್ನು ಒಪ್ಪುತ್ತೇನೆ, ಹಳೆಯ ಗುರುಗಳ ಬರಹವೂ ಅದಕ್ಕೆ ಹೊಂದುತ್ತದೆ. 1606ರಲ್ಲಿ ಕೋಪನ್‌ಹೇಗನ್ನಿನಲ್ಲಿ ಗ್ರಂಥ ಪ್ರಕಟಿಸಿದ ಸಾಲ್ವತೋರ್ ಫಾಬ್ರಿಸ್, ತಡೆದು ಆಮೇಲೆ ಹೊಡೆಯುವುದಕ್ಕಿಂತ ತಡೆಯುತ್ತಲೇ ಹೊಡೆಯುವುದು ಮೇಲೆಂದು ವಾದಿಸಿದ. 1610ರಲ್ಲಿ ರಿದೋಲ್ಫೋ ಕಾಪೋಫೆರ್ರೋ, ಕತ್ತಿಯು ತೋಳಿನ ಎರಡರಷ್ಟು, ಅಂದರೆ ನೆಲದಿಂದ ಕಂಕುಳಿನವರೆಗೆ ಇರಬೇಕೆಂದು ಹೇಳಿದ. ಒಂದೇ ಚಲನೆಯ ಪ್ರತಿದಾಳಿಯನ್ನು ಮೆಚ್ಚಿದವರ ಕೈಯಲ್ಲಿ ಉದ್ದ ಕತ್ತಿಯಿದ್ದುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಕತ್ತಿವರಸೆಯ ಗುರು ಆಂಜೆಲೋ ತನ್ನ ಗ್ರಂಥವನ್ನು ಲಂಡನ್ನಿನಲ್ಲಿ ಹೊರತಂದ 1763ರ ಹೊತ್ತಿಗೆ ಕತ್ತಿ ಗಿಡ್ಡವಾಗಿತ್ತು, ತಡೆ ಮತ್ತು ಮರುತಿವಿತ ಪಾಠದ ನಡುವಿಗೆ ಬಂದಿದ್ದವು.

ಉದ್ದಕ್ಕೆ ವಿರೋಧವೂ ಇತ್ತು. ಇಂಗ್ಲೆಂಡಿನ ಜಾರ್ಜ್ ಸಿಲ್ವರ್ 1599ರಲ್ಲಿ ರೇಪಿಯರನ್ನು ಕಟುವಾಗಿ ಟೀಕಿಸಿದ: ಅಲಗುಗಳು ಒಂದಕ್ಕೊಂದು ಅಡ್ಡವಾದಾಗ, ಕಾಲನ್ನು ಹಿಂದೆ ಇಡದೆ ತೋಳನ್ನಷ್ಟೇ ಎಳೆದುಕೊಂಡು ಬಿಡಿಸಿಕೊಳ್ಳಲಾಗದ ಕತ್ತಿ ಅವನ ದೃಷ್ಟಿಯಲ್ಲಿ ಅತಿ ಉದ್ದದ್ದು. ಆತ ಹಟಮಾರಿ, ಇಟಲಿಯವರನ್ನು ಕಂಡರೆ ಆಗದವನು. ಆದರೂ ಈ ಮಾತಿನಲ್ಲಿ ಹುರುಳಿದೆ. ಪ್ರತಿದಾಳಿ ತಪ್ಪಿ ಎದುರಾಳಿ ನಿಮ್ಮ ಮೊನೆಯನ್ನು ದಾಟಿ ಒಳಗೆ ನುಗ್ಗಿದನೆಂದರೆ, 108 ಸೆಂ.ಮೀ. ಅಲಗನ್ನು ಹಿಂದೆ ಎಳೆದುಕೊಳ್ಳಲು ತೋಳು ಸಾಲುವುದಿಲ್ಲ.

ಗಿಡ್ಡ ಕತ್ತಿಯಲ್ಲೂ ಒಂದೇ ಚಲನೆಯಲ್ಲಿ ಹೊಡೆಯಲೇಬೇಕೆಂದಿದ್ದರೆ ಅಲಗಿನ ಮೇಲಷ್ಟೇ ಭಾರ ಹಾಕದೆ ಮೈಯನ್ನೂ ಗೆರೆಯಿಂದ ಆಚೆ ಸರಿಸಿ. ಇನ್‌ಕ್ವಾರ್ಟಾಟಾ ಎಂಬ ಹೆಜ್ಜೆಯಲ್ಲಿ ಹಿಂಗಾಲು ಮುಂಗಾಲಿನ ಹಿಂದಿನಿಂದ ಓರೆಯಾಗಿ ಪಕ್ಕಕ್ಕೆ ಸರಿಯುವುದು ಇದಕ್ಕಾಗಿಯೇ.

ಪ್ರಶ್ನೆ: ಕಾಳಿತೀರ, ಕಾರವಾರ

ಇಬ್ಬರಿಗೂ ಧನ್ಯವಾದಗಳು. ಕಡಲ ಗಾಳಿಗೆ ಒಂದು ಗಿಡ್ಡ ಕತ್ತಿ ತುಕ್ಕು ಹಿಡಿದಿರುವುದರಿಂದ ಸದ್ಯ ಒಬ್ಬರಿಗೆ ಉದ್ದದ್ದು, ಒಬ್ಬರಿಗೆ ಗಿಡ್ಡದ್ದು ಎನ್ನುವಂತಾಗಿದೆ. ಗಿಡ್ಡದ್ದು ಹಿಡಿದವನಿಗೆ ಪ್ರತಿದಾಳಿಯೇ ಇಲ್ಲವೆ?

ಉತ್ತರ: ತೋಟದಮನೆ, ಶಿರಸಿ

ಎದೆಗಂತೂ ಇಲ್ಲ. ಅವನ ಮೊನೆ 168 ಸೆಂ.ಮೀ. ದೂರದಿಂದಲೇ ನಿಮ್ಮನ್ನು ಮುಟ್ಟುತ್ತದೆ, ನಿಮ್ಮದು 142ಕ್ಕೆ ನಿಲ್ಲುತ್ತದೆ. ಆದರೆ ಅವನು ಮುಟ್ಟುವ ಕ್ಷಣದಲ್ಲಿ ಅವನ ಹಿಡಿ ನಿಮ್ಮ ಎದೆಯಿಂದ 108 ಸೆಂ.ಮೀ. ದೂರದಲ್ಲಷ್ಟೇ ಇರುತ್ತದೆ. ಅದನ್ನು ದಾಟಿ 34 ಸೆಂ.ಮೀ.ವರೆಗೆ ನಿಮ್ಮ ಮೊನೆ ತಲುಪಬಲ್ಲದು, ಅಂದರೆ ಮುಂದೋಳು ಪೂರ್ತಿ ನಿಮ್ಮದೇ. ಎಪೇ (ಇಂದಿನ ಫೆನ್ಸಿಂಗ್ ಕ್ರೀಡೆಯ ಒಂದು ವಿಭಾಗ) ಆಡುವವರು ಕೈಗೆ ಹೊಡೆದು ದಾಳಿಯನ್ನು ತಡೆಯುವುದೂ ಹೀಗೆಯೇ. ಅಲ್ಲಿ ಇಬ್ಬರ ಅಲಗೂ 90 ಸೆಂ.ಮೀ. ಮೀರುವಂತಿಲ್ಲ, ಇಬ್ಬರ ಏಟುಗಳ ನಡುವೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟೂ ಅಂತರವಿಲ್ಲದಿದ್ದರೆ ಏಟು ಗುರುತಿಸುವ ಯಂತ್ರ ಇಬ್ಬರ ದೀಪವನ್ನೂ ಹಚ್ಚುತ್ತದೆ. ನಿಮ್ಮಲ್ಲಿ ಯಂತ್ರವಿಲ್ಲದ ಕಾರಣ, ಮುಂದೋಳಿಗೆ ತಾಗಿಸಿದ ಕೂಡಲೇ ಅವನ ಅಲಗನ್ನು ತಡೆಯುತ್ತ ಒಂದು ಹೆಜ್ಜೆ ಹಿಂದೆ ಸರಿಯುವುದನ್ನೂ ಆ ಪಟ್ಟಿನ ಭಾಗವಾಗಿಯೇ ಕಲಿಯಿರಿ. ಉದ್ದ ಕತ್ತಿ ಹಿಡಿದವರಿಗೆ ಮೊಣಕೈವರೆಗಿನ ದಪ್ಪ ಕೈಗವಸು ಹಾಕಿಸದೆ ಇದನ್ನು ಶುರುಮಾಡಬೇಡಿ.