83 ಸಂದೇಶಗಳ ನಡುವೆ ದೊಡ್ಡಪ್ಪನ ಒಂದು ಪ್ರಶ್ನೆ

2025ರ ದೀಪಾವಳಿಯ ಹಿಂದಿನ ವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ಸಂದೇಶ ಫಾರ್ವರ್ಡ್ ಮಾಡಿದರು. ಅಕ್ಟೋಬರ್ 14ರ ಮಧ್ಯರಾತ್ರಿಗೆ ಹಳೆಯ ಕಂಪ್ಯೂಟರ್‌ಗಳೆಲ್ಲ ನಿಂತುಹೋಗುತ್ತವೆ, ಹೊಸದನ್ನು ಕೊಳ್ಳಲಾಗದವರು ಕೂಡಲೇ ಲಿನಕ್ಸ್ ಹಾಕಿಸಿಕೊಳ್ಳಬೇಕು, ಅದು ಪುಕ್ಕಟೆ ಸಿಗುತ್ತದೆ, ಅದಕ್ಕೆ ವೈರಸ್ ಬರುವುದೇ ಇಲ್ಲ ಎಂದು ಅದರಲ್ಲಿತ್ತು. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ. ನೆಟ್ಟಗಿರುವ ಸಾಮಾನನ್ನು ಕಂಪನಿಗಳು ಬೇಕೆಂದೇ ಗುಜರಿಗೆ ತಳ್ಳುತ್ತವೆ ಎಂಬುದು ಚಿಕ್ಕಪ್ಪನ ಬಹುಕಾಲದ ಸಂಕಟ. ಆ ಸಂಕಟಕ್ಕೆ ಈ ಸಂದೇಶ ಸಾಕ್ಷಿಯಂತೆ ಕಂಡಿರಬೇಕು. ಮರುದಿನ ಬೆಳಗಾಗುವಷ್ಟರಲ್ಲಿ ಗುಂಪಿನಲ್ಲಿ 83 ಸಂದೇಶಗಳು ಸೇರಿದ್ದವು. ನಾನು ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುವವಳು. ಹಗಲೆಲ್ಲ ಪ್ರೆಸ್ಸಿನಲ್ಲಿ ವಿಂಡೋಸ್ ಮುಂದೆ ಕೂರುತ್ತೇನೆ, ಮನೆಯ ಲ್ಯಾಪ್‌ಟಾಪಿನಲ್ಲಿ ಹಲವು ವರ್ಷಗಳಿಂದ ಲಿನಕ್ಸಿನ ಒಂದು ರೂಪವಾದ ಲಿನಕ್ಸ್ ಮಿಂಟ್ ಇದೆ. ಆದ್ದರಿಂದ ಅಷ್ಟೂ ಸಂದೇಶಗಳನ್ನು ಮೊದಲಿನಿಂದ ಓದಿದೆ.

ಮೊದಲು ಬರೆದವರು ಭಾವ, ಅಂದರೆ ದೊಡ್ಡಪ್ಪನ ಹಿರಿಯ ಅಳಿಯ. ‘ಇದರ ಮೂಲ ಯಾವುದು ಮಾವ? ಯಾರು ಹೇಳಿದ್ದು, ಎಲ್ಲಿ ಹೇಳಿದ್ದು ಎಂಬುದಿಲ್ಲದ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ’ ಎಂದು ಅವರು ಚಿಕ್ಕಪ್ಪನನ್ನು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ ಎಂಬುದು ನಿಜ. ಆದರೆ ಅಂದು ಯಾವ ಯಂತ್ರವೂ ನಿಲ್ಲುವುದಿಲ್ಲ. ಭದ್ರತೆಯ ತೇಪೆಗಳು, ಅಂದರೆ ದೋಷಗಳನ್ನು ಮುಚ್ಚುವ ತಿದ್ದುಪಡಿಗಳು, ಬರುವುದು ಮಾತ್ರ ನಿಲ್ಲುತ್ತದೆ. ಮನೆಬಳಕೆಯವರು ಬೇಕಾದರೆ ಇನ್ನೊಂದು ವರ್ಷ, 2026ರ ಅಕ್ಟೋಬರ್‌ವರೆಗೆ, ಆ ತೇಪೆಗಳನ್ನು ಪಡೆಯುವ ವ್ಯವಸ್ಥೆಯನ್ನೂ ಕಂಪನಿ ಮಾಡಿತ್ತು. ಭಾವ ಇದನ್ನೆಲ್ಲ ಬರೆದರು. ಆದರೆ ಕೊನೆಯಲ್ಲಿ ‘ಓದಿದವರ ಮನೆಯಲ್ಲಿ ಹೀಗಾಗಬಾರದು’ ಎಂಬ ಒಂದು ಸಾಲನ್ನೂ ಸೇರಿಸಿದರು. ಚರ್ಚೆ ದಾರಿ ತಪ್ಪಿದ್ದು ಆ ಸಾಲಿನಿಂದ.

ದೊಡ್ಡಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ‘ಅಳಿಯಂದಿರು ಮೂಲ ಕೇಳುತ್ತಿದ್ದಾರೆ, ಸಂತೋಷ. ಆದರೆ ಹಿರಿಯರು ಕಾಳಜಿಯಿಂದ ಕಳುಹಿಸಿದ್ದನ್ನು ಹೀಗೆ ಎಲ್ಲರೆದುರು ತಳ್ಳಿಹಾಕುವುದು ಸಲ್ಲದು. ಪುಕ್ಕಟೆ ಬಂದದ್ದಕ್ಕೆ ಹೊಣೆ ಹೊರುವವರು ಇರುವುದಿಲ್ಲ. ಬೆಲೆ ಕೊಟ್ಟು ತಂದದ್ದು ಕೆಟ್ಟರೆ ಕೇಳುವ ಹಕ್ಕಾದರೂ ಇರುತ್ತದೆ’ ಎಂದು ಅವರು ಬರೆದರು. ಅದರ ಕೆಳಗೆ ದೊಡ್ಡಮ್ಮನ ಒಂದೇ ಸಾಲು ಬಂತು: ‘ಚಿಕ್ಕವಳ ಮದುವೆಯ ಫೋಟೋಗಳು ಹೋದದ್ದನ್ನು ನಾನು ಮರೆತಿಲ್ಲ.’

ಗುಂಪಿನ ಕಿರಿಯರಿಗೆ ಇದು ಗೊತ್ತಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಭಾವ ಬಹಳ ಉತ್ಸಾಹದಿಂದ ದೊಡ್ಡಪ್ಪನ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಕುಳಿತಿದ್ದರು. ಇಡೀ ಡಿಸ್ಕನ್ನು ಅಳಿಸಬೇಕೇ, ಇರುವುದರ ಪಕ್ಕದಲ್ಲಿ ಜಾಗ ಮಾಡಿಕೊಳ್ಳಬೇಕೇ ಎಂದು ಅದು ಕೇಳುವ ಹಂತದಲ್ಲಿ ಅವರು ಮೊದಲನೆಯದನ್ನು ಒತ್ತಿದರು. ಫೋಟೋಗಳು, ಆಮಂತ್ರಣದ ವಿಳಾಸಪಟ್ಟಿ, ಎಲ್ಲವೂ ಹೋದವು. ದೊಡ್ಡಪ್ಪನ ವಂಶಾವಳಿಯ ಫೈಲ್ ಉಳಿದದ್ದು ನನ್ನ ಪ್ರೆಸ್ಸಿನಲ್ಲಿ ಅದರದೊಂದು ಪ್ರತಿ ಇದ್ದುದರಿಂದ. ತಪ್ಪು ಲಿನಕ್ಸಿನದಲ್ಲ, ಮೊದಲೇ ಪ್ರತಿ ತೆಗೆದಿಡದೆ ಯಾವ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದ್ದರೂ ಇದೇ ಆಗುತ್ತಿತ್ತು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಲಿನಕ್ಸ್ ಎಂಬ ಮಾತು ಬಂದರೆ ದೊಡ್ಡಮ್ಮ ಎದ್ದು ಒಳಗೆ ಹೋಗುತ್ತಾರೆ.

ಅಷ್ಟರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಅತ್ತೆಯ ಮಗ ಬಂದ. ‘ನಮ್ಮೂರಿನ ನಗರಸಭೆಯೇ ಲಿನಕ್ಸಿಗೆ ಹೋಗಿತ್ತು ಮಾವ’ ಎಂದು ಅವನು ಆರಂಭಿಸಿದ. ಮ್ಯೂನಿಕ್ ನಗರಸಭೆ 2003ರಲ್ಲಿ ನಿರ್ಧರಿಸಿ, ಹತ್ತು ವರ್ಷ ಶ್ರಮಪಟ್ಟು, ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸಿಗೆ ತಂದಿತ್ತು. ಭಾವ ಇದನ್ನು ಲಿನಕ್ಸಿನ ಗೆಲುವೆಂದರು. ‘2017ರಲ್ಲಿ ಅದೇ ಸಭೆ ವಿಂಡೋಸಿಗೆ ಮರಳಲು ಮತ ಹಾಕಿತಲ್ಲ’ ಎಂದು ಚಿಕ್ಕಪ್ಪನ ಮಗಳು ಎತ್ತಿ ತೋರಿಸಿದಳು. ಇಬ್ಬರ ಮಾತೂ ನಿಜ. ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ 2024ರಲ್ಲಿ ತನ್ನ 30,000 ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶಕ್ಕೆ ಮತ್ತು ಲಿನಕ್ಸಿಗೆ ಒಯ್ಯುವುದಾಗಿ ಹೇಳಿತು ಎಂಬುದೂ ನಿಜ. ಇದರಿಂದ ನಮ್ಮ ಮನೆಯ ಒಂದು ಕಂಪ್ಯೂಟರಿಗೆ ತೀರ್ಮಾನ ಸಿಗುವುದಿಲ್ಲ. ಆದರೂ ನಲವತ್ತು ಸಂದೇಶಗಳು ಅದರ ಮೇಲೆಯೇ ಕಳೆದವು. ಅತ್ತೆಯ ಮಗ ಅಲ್ಲಿಂದ 1998ಕ್ಕೆ ಹೊರಳಿ, ಆ ವರ್ಷ ಬಂದ ‘ಬರಹ’ ತಂತ್ರಾಂಶದಲ್ಲಿ ಇಂಗ್ಲಿಷ್ ಕೀಲಿಗಳನ್ನು ಒತ್ತಿದರೆ ಕನ್ನಡ ಮೂಡುವುದನ್ನು ಕಂಡು ತಾನು ಕುಣಿದದ್ದು, ಅಜ್ಜನಿಗೆ ಅದರಲ್ಲೇ ಪತ್ರ ಬರೆದು ಮುದ್ರಿಸಿ ಅಂಚೆಗೆ ಹಾಕಿದ್ದು, ಅಜ್ಜ ಅದನ್ನು ಪಂಚಾಂಗದೊಳಗೆ ಮಡಿಸಿಟ್ಟುಕೊಂಡದ್ದು, ಎಲ್ಲವನ್ನೂ ಬರೆದ. ಓದಿ ನನಗೂ ಕಣ್ಣು ತುಂಬಿತು. ಅವನು ಕೊನೆಗೆ ಬರೆದದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ: ಆ ಪತ್ರದ ಫೈಲ್ ಇಂದಿಗೂ ಅವನ ಬಳಿ ಇದೆ, ಆದರೆ ತೆರೆದರೆ ಓದಲು ಬರುವುದಿಲ್ಲ.

ಚಿಕ್ಕಪ್ಪನ ಮಗಳು ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕದ ಕೆಲಸ ಮಾಡುತ್ತಾಳೆ. ಅವಳ ಮಾತು ಚುಟುಕಾಗಿತ್ತು, ತೂಕದ್ದಾಗಿತ್ತು. ‘ನನ್ನ ಕಕ್ಷಿದಾರರೆಲ್ಲ ಲೆಕ್ಕ ಇಡುವುದು ಟ್ಯಾಲಿ ತಂತ್ರಾಂಶದಲ್ಲಿ, ಟ್ಯಾಲಿ ವಿಂಡೋಸಿನಲ್ಲಿ ಓಡುವಂಥದ್ದು. ನಾನು ತತ್ತ್ವಕ್ಕಾಗಿ ಒಂದು ದಿನ ಕೆಲಸ ನಿಲ್ಲಿಸಿದರೆ ಅವರ ರಿಟರ್ನ್‌ಗೆ ದಂಡ ಬೀಳುತ್ತದೆ’ ಎಂದಳು. ಅದಕ್ಕೆ ಭಾವ ‘ಮನಸ್ಸಿದ್ದರೆ ಮಾರ್ಗ’ ಎಂದರು. ನನಗೆ ಅದು ಸರಿಕಾಣಲಿಲ್ಲ. ದಿನವೂ ದುಡಿಯುವವರ ಕೈಯಲ್ಲಿರುವ ಉಪಕರಣದ ಬಗ್ಗೆ ಅವರೇ ಮೊದಲು ಮಾತಾಡಬೇಕು.

ಇವುಗಳ ನಡುವೆ, ರಾತ್ರಿ ಹತ್ತು ಗಂಟೆಯ ಸುಮಾರಿಗೆ, ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದ್ದರು. ‘ಲಿನಕ್ಸಿನಲ್ಲಿ ನುಡಿ ಬರುತ್ತದೆಯೇ? ನನ್ನ ವಂಶಾವಳಿ ತೆರೆಯುತ್ತದೆಯೇ?’ ನುಡಿ ಎಂದರೆ ಅವರು ಕನ್ನಡ ಬರೆಯಲು ಬಳಸುವ ತಂತ್ರಾಂಶ. 83 ಸಂದೇಶಗಳಲ್ಲಿ ನಿಜವಾಗಿ ಉತ್ತರ ಬೇಕಿದ್ದ ಪ್ರಶ್ನೆ ಇದೊಂದೇ. ಅದರ ಕೆಳಗೆ ಯಾರೋ ಹುಟ್ಟುಹಬ್ಬದ ಶುಭಾಶಯ ಹಾಕಿದ್ದರು. ಪ್ರಶ್ನೆ ಮೇಲೆ ಸರಿದುಹೋಗಿತ್ತು. ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯನ್ನು ನಾನು ನೋಡುವುದು ಹೀಗೆ ಮಾತ್ರ: ನೀವು ಅದರಲ್ಲಿ ಏನು ಮಾಡುತ್ತೀರಿ, ಮಾಡಿದ್ದು ನಾಳೆಯೂ ತೆರೆಯುತ್ತದೆಯೇ? ಆದ್ದರಿಂದ ಆ ಪ್ರಶ್ನೆಯನ್ನೇ ಒತ್ತಿ ಹಿಡಿದು, ಗುಂಪಿನಲ್ಲಿ ಉತ್ತರ ಬರೆದೆ.

ದೊಡ್ಡಪ್ಪ, ನಿಮ್ಮ ಕಂಪ್ಯೂಟರಿಗೆ ವಿಂಡೋಸ್ 11 ಬರುವುದಿಲ್ಲ. ಅದಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಿಮ್ಮದು ನಾಲ್ಕನೆಯ ಪೀಳಿಗೆಯದು. ಯಂತ್ರ ಗಟ್ಟಿಮುಟ್ಟಾಗಿದೆ, ಲಿನಕ್ಸ್ ಮಿಂಟಿಗೆ ಅದರ 4 ಜಿಬಿ ಮೆಮೊರಿ ಸಾಕು. ನೀವು ಬಳಸುವ ಕೀಲಿಮಣೆ ವಿನ್ಯಾಸ ಕೆ. ಪಿ. ರಾವ್ ಅವರು ರೂಪಿಸಿದ್ದು, ಅದು ಯಾವ ಕಂಪನಿಯ ಸೊತ್ತೂ ಅಲ್ಲ. ಲಿನಕ್ಸಿನಲ್ಲಿ ಅದು ಕಗಪ ಎಂಬ ಹೆಸರಿನಲ್ಲಿ ಮೊದಲೇ ಇದೆ. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ನಿಮ್ಮ ಬೆರಳಿನ ಅಭ್ಯಾಸ ಹಾಗೆಯೇ ನಡೆಯುತ್ತದೆ. ಆದರೆ ವಂಶಾವಳಿ ಹಾಗೆಯೇ ತೆರೆಯುವುದಿಲ್ಲ. ನೀವು ಅದನ್ನು ಬರೆದದ್ದು ನುಡಿಯ ಹಳೆಯ ಅಕ್ಷರಶೈಲಿಯಲ್ಲಿ. ಅಲ್ಲಿ ಕನ್ನಡ ಕಾಣುತ್ತದೆಯೇ ಹೊರತು ಒಳಗಿರುವುದು ಕನ್ನಡವಲ್ಲ. ‘ಕನ್ನಡ’ ಎಂಬ ಪದ ಅದರೊಳಗೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡಿನ ಚಿಹ್ನೆ ಹೀಗೆ ಸಾಲಾಗಿ ಕುಳಿತಿದೆ. ಆ ಅಕ್ಷರಶೈಲಿ ಇಲ್ಲದ ಕಡೆ ತೆರೆದರೆ ಈ ಚಿಹ್ನೆಗಳೇ ಕಾಣುತ್ತವೆ. ಅತ್ತೆಯ ಮಗನ ಪತ್ರಕ್ಕೆ ಆಗಿರುವುದೂ ಇದೇ. ನಾಳೆ ನೀವು ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ಕೊಂಡರೂ ಆ ಅಕ್ಷರಶೈಲಿ ಹಾಕುವವರೆಗೆ ಇದೇ ಕಾಣುತ್ತದೆ. ಮೊದಲು ಯೂನಿಕೋಡಿಗೆ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತವಿರುವ ಪದ್ಧತಿಗೆ, ಬದಲಿಸಬೇಕು. ಬದಲಿಸಿದ ಮೇಲೆ ಅದು ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲೂ ತೆರೆಯುತ್ತದೆ.

ಇನ್ನು ಪುಕ್ಕಟೆಯ ಮಾತು. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದವಿದೆ, ಅದಕ್ಕೇ ಗೊಂದಲ. ನಮಗೆ ಉಚಿತ ಬೇರೆ, ಮುಕ್ತ ಬೇರೆ. ಲಿನಕ್ಸ್ ಮುಕ್ತ, ಅದರ ಆಕರ ಸಂಕೇತವನ್ನು, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗೆ ನೋಡಿದರೆ, ನೀವು ಬೆಲೆ ಕೊಟ್ಟು ತಂದದ್ದೆಂದು ನಂಬಿರುವ ವಿಂಡೋಸಿಗೂ ಯಾರೂ ಬೆಲೆ ಕೊಟ್ಟಿಲ್ಲ. ಅಸೆಂಬಲ್ ಮಾಡಿಕೊಟ್ಟ ಅಂಗಡಿಯವರು ಅದರಲ್ಲಿ ಹಾಕಿದ್ದು ಕಳ್ಳಪ್ರತಿ. ಬಿಲ್ಲಿನಲ್ಲಿ ಅದರ ಹೆಸರಿಲ್ಲ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಮ್ಮೂರಿನ ಬಹುಪಾಲು ಮನೆಗಳಲ್ಲಿ ಆಗಿರುವುದು ಇದೇ, ಮತ್ತು ಕೆಟ್ಟರೆ ಕೇಳುವ ಹಕ್ಕು ಆ ಪ್ರತಿಗೆ ಇರುವುದಿಲ್ಲ.

ವೈರಸ್ ಬರುವುದೇ ಇಲ್ಲ ಎಂಬ ಮಾತನ್ನು ಚಿಕ್ಕಪ್ಪ ಕೈಬಿಡಬೇಕು. 2024ರ ಮಾರ್ಚ್‌ನಲ್ಲಿ ಲಿನಕ್ಸಿನ ಅನೇಕ ರೂಪಗಳಲ್ಲಿ ಬಳಕೆಯಾಗುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಎರಡು ವರ್ಷ ವಿಶ್ವಾಸ ಗಳಿಸಿ ಕಳ್ಳದಾರಿಯೊಂದನ್ನು ಅಡಗಿಸಿಟ್ಟದ್ದು ಬೆಳಕಿಗೆ ಬಂತು. ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್, ಅವರು ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟಿನಲ್ಲಿ. ಸಂಕೇತ ತೆರೆದಿದ್ದುದರಿಂದಲೇ ಅವರಿಗೆ ಬೇರಿನವರೆಗೆ ಹೋಗಲು ಸಾಧ್ಯವಾಯಿತು. ಬಾಗಿಲು ತೆರೆದಿದ್ದರೆ ಕಳ್ಳ ಬರುವುದೇ ಇಲ್ಲ ಎಂದಲ್ಲ, ಬಂದದ್ದು ನೆರೆಯವರಿಗೂ ಕಾಣುತ್ತದೆ ಎಂದು.

ಇಷ್ಟು ಬರೆದ ಮೇಲೆ ನನ್ನ ವಿಷಯವನ್ನೂ ಹೇಳಿದೆ. ಪ್ರೆಸ್ಸಿನಲ್ಲಿ ನಾನು ಲಿನಕ್ಸಿಗೆ ಹೋಗಲಾರೆ. ನಮ್ಮ ಹಳೆಯ ಪುಸ್ತಕಗಳೆಲ್ಲ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿವೆ. ಅದರ ಕೊನೆಯ ಆವೃತ್ತಿ ಬಂದು ಇಪ್ಪತ್ತು ವರ್ಷ ದಾಟಿತು. ಮರುಮುದ್ರಣಕ್ಕೆ ಬಂದ ಪುಸ್ತಕವನ್ನು ತೆರೆಯಲು ಒಂದು ಹಳೆಯ ವಿಂಡೋಸ್ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸದೆ ಮೂಲೆಯಲ್ಲಿ ಕಾಪಾಡಿಕೊಂಡಿದ್ದೇವೆ. ಬೀಗ ಹಾಕಿದ ಸ್ವರೂಪದಲ್ಲಿ ಬರೆದದ್ದಕ್ಕೆ ತೆರಬೇಕಾದ ಬೆಲೆ ಅದು. ಮುಕ್ತ ತಂತ್ರಾಂಶದ ಮೇಲೆ ನನಗಿರುವ ಪ್ರೀತಿ ಹುಟ್ಟಿದ್ದು ಆ ಮೂಲೆಯಿಂದ.

ದೀಪಾವಳಿಗೆ ಊರಿಗೆ ಹೋದಾಗ ಪೆನ್‌ಡ್ರೈವಿನಲ್ಲಿ ಮಿಂಟ್ ಒಯ್ದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಅದನ್ನು ಓಡಿಸಿ ನೋಡಬಹುದು. ಮೊದಲು ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸಿದೆ. ವಂಶಾವಳಿಯ 140 ಪುಟಗಳನ್ನು ಪರಿವರ್ತಕಕ್ಕೆ ಕೊಟ್ಟೆವು. ಮೊದಲ ಪುಟ ತೆರೆದಾಗ ಗುಬ್ಬಿ ಎಂಬ ಅಕ್ಷರಶೈಲಿಯಲ್ಲಿ ಮುತ್ತಜ್ಜನ ಹೆಸರು ದುಂಡಗೆ ಮೂಡಿತು. ಆದರೆ ಅರ್ಕಾವತ್ತುಗಳು ಅಲ್ಲಲ್ಲಿ ಜಾರಿದ್ದವು. ‘ಕಾರ್ತಿಕ’ ಎಂಬಲ್ಲಿ ‘ರ್’ ಒಂದಕ್ಷರ ಮುಂದೆ ಹೋಗಿ ಕುಳಿತಿತ್ತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಹೈಸ್ಕೂಲಿನ ಉತ್ತರಪತ್ರಿಕೆ ತಿದ್ದುವಂತೆ, ಸಾಲು ಸಾಲಾಗಿ ಬೆರಳಿಟ್ಟು ಓದುತ್ತ ಮಧ್ಯಾಹ್ನದವರೆಗೆ ಹನ್ನೊಂದು ಪುಟ ತಿದ್ದಿದರು. ಎಫ್ ಕೀಲಿ ಅವರ ಬೆರಳಿಗೆ ತಾನಾಗಿ ಸಿಕ್ಕಿತು.

ಪ್ರಿಂಟರ್ ಮಾತ್ರ ಓಡಲಿಲ್ಲ. ಅದರ ಚಾಲಕ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕಿತ್ತು, ನನಗೆ ಸಂಜೆಯ ಬಸ್ಸಿತ್ತು. ಗುಂಪಿನಲ್ಲಿ ತಿಳಿಸಿದೆ. ‘ಮುಂದಿನ ಭಾನುವಾರ ನಾನು ಬಂದು ಸರಿಮಾಡುತ್ತೇನೆ ಮಾವ, ವಿಂಡೋಸ್ ಇರುವ ಜಾಗವನ್ನು ಮುಟ್ಟುವುದಿಲ್ಲ’ ಎಂದು ಭಾವ ಬರೆದರು. ಬಹಳ ಹೊತ್ತು ಯಾರೂ ಏನೂ ಹೇಳಲಿಲ್ಲ. ಆಮೇಲೆ ದೊಡ್ಡಮ್ಮನ ಸಂದೇಶ ಬಂತು: ‘ಅಳಿಯಂದಿರು ಊಟಕ್ಕೇ ಬರಲಿ. ಎಲ್ಲದರ ಪ್ರತಿ ತೆಗೆದ ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟು ಆಮೇಲೆ ಕಂಪ್ಯೂಟರಿನ ಮುಂದೆ ಕೂರಲಿ.’