ಹೆಡ್‌ಲೈಟ್ ಉರಿಯುತ್ತದೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ: ಬ್ಯಾಟರಿ ಬದಲಾಯಿಸಬೇಕೇ?

ಪ್ರಶ್ನೆ (ತೀರ್ಥಹಳ್ಳಿ)
ನಮ್ಮ ಹಳೆಯ ಡೀಸೆಲ್ ಜೀಪು ಆಗುಂಬೆ ಕಡೆಯ ಅಡಿಕೆ ತೋಟಕ್ಕೆ ಹೋಗಿಬರಲಷ್ಟೇ ಬಳಕೆಯಾಗುತ್ತದೆ. ಮಳೆ ಹಿಡಿದ ಮೇಲೆ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತದೆ. ಈಗ ಕೀಲಿ ತಿರುಗಿಸಿದರೆ ಸೆಲ್ಫ್ ಒಮ್ಮೆ ‘ಟಕ್’ ಎಂದು, ಸ್ವಲ್ಪ ಮುಲುಗಿ ಸುಮ್ಮನಾಗುತ್ತದೆ. ಹೆಡ್‌ಲೈಟ್ ಮಾತ್ರ ಚೆನ್ನಾಗಿಯೇ ಉರಿಯುತ್ತದೆ. ಪ್ಲಸ್ ಟರ್ಮಿನಲ್ ಮೇಲೆ ನೀಲಿ ಮಿಶ್ರಿತ ಹಸಿರು ಪುಡಿ ಕಟ್ಟಿದೆ. ಬ್ಯಾಟರಿಗೆ ಎರಡು ವರ್ಷವೂ ತುಂಬಿಲ್ಲ, ಆದರೂ ಹೊಸದು ಹಾಕಿಸಿ ಎಂದು ಗ್ಯಾರೇಜಿನಲ್ಲಿ ಹೇಳುತ್ತಿದ್ದಾರೆ. ಮಲ್ಟಿಮೀಟರ್ ನನ್ನಲ್ಲಿದೆ. ದುಡ್ಡು ಸುರಿಯುವ ಮೊದಲು ಮನೆಯಲ್ಲೇ ಏನನ್ನು ಪರೀಕ್ಷಿಸಬಹುದು?

ಉತ್ತರ (ಸಾಗರ)
ಎರಡು ಹೆಡ್‌ಲೈಟ್‌ಗಳು ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಡೀಸೆಲ್ ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟಾರ್ 200 ಆಂಪಿಯರಿಗೂ ಹೆಚ್ಚು ಎಳೆಯಬಹುದು. ಜೋಡಣೆಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಸೇರಿಕೊಂಡರೆ ದೀಪಕ್ಕೆ ನಷ್ಟವಾಗುವುದು 0.1 ವೋಲ್ಟ್ ಮಾತ್ರ, ಸೆಲ್ಫಿಗಾದರೆ 2 ವೋಲ್ಟ್. ಆದ್ದರಿಂದ ದೀಪ ಉರಿಯುವುದನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು.

ರಾತ್ರಿಯಿಡೀ ನಿಂತ ಬ್ಯಾಟರಿಯನ್ನು ಬೆಳಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ಣವಾಗಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ. ಅನಂತರ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಮತ್ತೆ ನೋಡಿರಿ. ಪೂರ್ಣ ಚಾರ್ಜ್ ಇದ್ದ ಬ್ಯಾಟರಿಯೂ 9.6ಕ್ಕಿಂತ ಕೆಳಗಿಳಿದರೆ ಮಾತ್ರ ಅದರ ಮೇಲೆ ಸಂಶಯಪಡಬೇಕು. ಹಾಗೆಯೇ ಹೊಡೆಯುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ ಗೂಟಕ್ಕೂ (ಕ್ಲ್ಯಾಂಪಿಗಲ್ಲ, ಸೀಸದ ಗೂಟಕ್ಕೇ), ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿಗೂ ಮುಟ್ಟಿಸಿ, ಬಳಿಕ ಮೈನಸ್ ಗೂಟದಿಂದ ಎಂಜಿನ್ನಿನ ಲೋಹಕ್ಕೆ ಅಳೆಯಿರಿ. ಎರಡರಲ್ಲಿ ಯಾವುದಾದರೂ 0.5 ವೋಲ್ಟ್ ದಾಟಿದರೆ ದೋಷ ಆ ಹಾದಿಯಲ್ಲಿದೆ.

ಉತ್ತರ (ಹೊಸನಗರ)
ಅಳತೆಯ ಜೊತೆಗೆ ಸ್ವಚ್ಛತೆಯೂ ಆಗಲಿ. ಹಸಿರು ಪುಡಿ ಎಂದರೆ ಆಸಿಡ್ ತಾಮ್ರವನ್ನು ತಿನ್ನುತ್ತಿದೆ ಎಂದರ್ಥ. ಮೊದಲು ಮೈನಸ್ ಕೇಬಲ್ ಬಿಚ್ಚಿರಿ, ಹಾಕುವಾಗ ಅದನ್ನು ಕೊನೆಗೆ ಹಾಕಿರಿ; ಇಲ್ಲವಾದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಸೆಲ್‌ಗಳ ಮುಚ್ಚಳ ಬಿಗಿಯಾಗಿದ್ದಾಗಲೇ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಗೂಟ ಮತ್ತು ಕ್ಲ್ಯಾಂಪಿನ ಒಳಮೈಯನ್ನು ಎಮರಿ ಕಾಗದದಿಂದ ಉಜ್ಜಿರಿ. ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ.

ಲಗ್ಗಿನ (ಕೇಬಲ್ ತುದಿಗೆ ಕೂರಿಸಿದ ಲೋಹದ ಹಿಡಿಕೆಯ) ಹತ್ತಿರ ಕೇಬಲ್ಲನ್ನು ಬಗ್ಗಿಸಿ ನೋಡಿರಿ. ಬಿರುಸಾಗಿ, ಒಳಗೆ ಪುಡಿಯಾದಂತೆ ಕರಕರ ಎಂದರೆ ರಬ್ಬರಿನೊಳಗೇ ತಾಮ್ರ ಕೊಳೆತಿದೆ. ಅಂಥ ಕರಿ ತಂತಿಗೆ ಹೊಸ ಲಗ್ ಬಡಿದು ಕೊಡುವವರಿದ್ದಾರೆ; ಅದು ದಂಡ, ಕೇಬಲ್ಲೇ ಬದಲಾಗಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಟರ್ಮಿನಲ್ ತೊಳೆದ ಮೇಲೆ ಅಳೆದೆ. ನಿಂತಾಗ 12.5, ಸೆಲ್ಫ್ ಹೊಡೆಯುವಾಗ 11.3. ಪ್ಲಸ್ ಹಾದಿಯಲ್ಲಿ 0.3 ಇದೆ, ಮೈನಸ್ ಗೂಟದಿಂದ ಎಂಜಿನ್ನಿಗೆ 2.1 ತೋರಿಸುತ್ತಿದೆ. ಆದರೆ ಮೈನಸ್ ಗೂಟದಿಂದ ಚಾಸಿಗೆ ಅಳೆದರೆ 0.1 ಮಾತ್ರ.

ಉತ್ತರ (ಶಿವಮೊಗ್ಗ)
ಹಾಗಿದ್ದರೆ ಬ್ಯಾಟರಿಯನ್ನು ಮುಟ್ಟಬೇಡಿ. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ ಅಷ್ಟೂ ಕರೆಂಟು ಚಾಸಿಗೆ ಮರಳುವುದಕ್ಕೆ ಅರ್ತಿಂಗ್ ಪಟ್ಟಿಯೇ ದಾರಿ. ಕೆಸರು ಕೆಳಗಿನಿಂದ ರಾಚುವ ನಮ್ಮ ರಸ್ತೆಗಳಲ್ಲಿ ಮೊದಲು ಹಾಳಾಗುವುದೂ, ಯಾರೂ ಬಗ್ಗಿ ನೋಡದಿರುವುದೂ ಆ ಪಟ್ಟಿಯೇ. ಖಚಿತಪಡಿಸಿಕೊಳ್ಳಲು ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ, ಇನ್ನೊಂದನ್ನು ಬ್ಯಾಟರಿಯಿಂದ ದೂರ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಸಲೀಸಾಗಿ ತಿರುಗಿದರೆ ಹೊಸ ಹೆಣೆದ ತಾಮ್ರದ ಪಟ್ಟಿಯೊಂದು ಸಾಕು. ಅದು ಕೂರುವ ಎರಡೂ ಕಡೆ ತುಕ್ಕು, ಬಣ್ಣಗಳನ್ನು ಕೆರೆದು ಬಿಗಿ ಮಾಡಿರಿ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದೂ ನೋಡಿಕೊಳ್ಳಿ. ಮಳೆಗಾಲದಲ್ಲಿ ನಿಲ್ಲಿಸುವಾಗ ಚಾರ್ಜ್ ತುಂಬಿಸಿ ಮೈನಸ್ ಬಿಚ್ಚಿಡಿ.