ಮೌಂಟ್ ಶಾಸ್ತಾ, ಜೂನ್ ತಿಂಗಳು: ಹಿಮದ ಸ್ಥಿತಿ ಮೊದಲೇ ಅಂದಾಜು ಮಾಡುವುದು ಹೇಗೆ?

ಸ್ಯಾನ್‌ಹೋಸೆ ಚಾರಣಿಗ:

ಎಲ್ಲರಿಗೂ ನಮಸ್ಕಾರ. ಬೇ ಏರಿಯಾದಿಂದ ನಾವು ನಾಲ್ಕು ಜನ ಜೂನ್ ಎರಡನೇ ವಾರಾಂತ್ಯಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ಮೌಂಟ್ ಶಾಸ್ತಾ ಹತ್ತಬೇಕು ಅಂತ ಹೊರಟಿದ್ದೇವೆ. ದಾರಿ ಅವಲಾಂಚ್ ಗಲ್ಚ್ ಎಂಬ ಕಣಿವೆಯದು. ಶನಿವಾರ ಬನ್ನಿ ಫ್ಲ್ಯಾಟ್‌ನಿಂದ ಹೆಲೆನ್ ಲೇಕ್‌ವರೆಗೆ ನಡೆದು ಅಲ್ಲಿ ಟೆಂಟ್, ಭಾನುವಾರ ಬೆಳಗಿನ ಜಾವ ಶಿಖರಕ್ಕೆ. ಕುಮಾರಪರ್ವತ, ಕುದುರೆಮುಖ ಹತ್ತಿಳಿದ ಅಭ್ಯಾಸ ಎಲ್ಲರಿಗೂ ಇದೆ. ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಲೋಹದ ಹಲ್ಲು), ಐಸ್ ಆಕ್ಸ್ (ಹಿಮ ಹತ್ತಲು ಹಿಡಿಯುವ ಕೊಡಲಿ) ಬಳಸುವ ಒಂದು ದಿನದ ತರಬೇತಿಯೂ ಆಗಿದೆ.

ಗೊಂದಲ ಇರುವುದು ಹಿಮದ ವಿಷಯದಲ್ಲಿ. ಮೇ ತಿಂಗಳಿಂದ ಜುಲೈ ಮಧ್ಯದವರೆಗೆ ಒಳ್ಳೆಯ ಕಾಲ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಫೋಟೋ ನೋಡಿದರೆ ಒಂದು ವರ್ಷ ಜೂನ್‌ನಲ್ಲಿ ಬುಡದಿಂದಲೇ ಹಿಮ, ಇನ್ನೊಂದು ವರ್ಷ ಅರ್ಧ ಬೆಟ್ಟ ಬರೀ ಕಲ್ಲು. ಹೊರಡುವ ವಾರದಲ್ಲಿ ಯಾವ ಯಾವ ಅಂಕಿ ನೋಡಬೇಕು? ಅಲ್ಲಿಗೆ ಹೋದ ಮೇಲೆ ಏನನ್ನು ಕಂಡರೆ "ಇವತ್ತು ಬೇಡ" ಅನ್ನಬೇಕು? ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಕ್ಯಾಸ್ಕೇಡ್ ಗಿರಿ:

ತಿಂಗಳ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಈ ಬೆಟ್ಟದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇಷ್ಟೇ: ನಿನ್ನೆ ರಾತ್ರಿ ಹಿಮ ಹೆಪ್ಪುಗಟ್ಟಿತಾ, ಇವತ್ತು ಎಷ್ಟು ಹೊತ್ತಿಗೆ ಸಡಿಲವಾಗುತ್ತದೆ? ಅದಕ್ಕೂ ಮೊದಲು, ದಾರಿಯಲ್ಲಿ ಹಿಮ ಉಳಿದಿದೆಯಾ ಅನ್ನುವುದು ಗೊತ್ತಾಗಬೇಕು.

ಹೆಲೆನ್ ಲೇಕ್ ಇರುವುದು 10,443 ಅಡಿಯಲ್ಲಿ. ಅಲ್ಲಿಂದ ರೆಡ್ ಬ್ಯಾಂಕ್ಸ್ ಎಂಬ ಕೆಂಪು ಬಂಡೆಯ ಸಾಲಿನವರೆಗೆ ಸುಮಾರು 2,400 ಅಡಿ ಒಂದೇ ಸಮನೆ ಏರು. ಮೇಲಕ್ಕೆ ಹೋದಂತೆ ಇಳಿಜಾರು 35 ಡಿಗ್ರಿ ಮುಟ್ಟುತ್ತದೆ. ಇದು ಜ್ವಾಲಾಮುಖಿ, ಹಿಮದ ಕೆಳಗಿರುವುದು ಸಡಿಲ ಕಲ್ಲು, ಪ್ಯೂಮಿಸ್ ಎಂಬ ಹಗುರ ಕಲ್ಲು, ಬೂದಿ. ಹಿಮ ಇದ್ದಾಗ ಅದೆಲ್ಲ ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತದೆ. ಹಿಮ ಹೋದರೆ ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತೀರಿ, ಮೇಲಿನಿಂದ ಕಲ್ಲೂ ಉರುಳುತ್ತದೆ. ಹಾಗಾಗಿ ಇಲ್ಲಿ ಹಿಮ ಕಡಿಮೆ ಇದ್ದಷ್ಟು ಸುಲಭ ಅನ್ನುವ ಲೆಕ್ಕ ತಪ್ಪು. ನಮ್ಮ ಕಡೆ ಬೆಟ್ಟ ಹತ್ತಿ ಬಂದವರು ಈ ಲೆಕ್ಕದಲ್ಲೇ ಹೆಚ್ಚು ಎಡವುತ್ತಾರೆ.

ಚಳಿಗಾಲ ಹೇಗಿತ್ತು ಅಂತ ತಿಳಿಯಲು ಏಪ್ರಿಲ್ 1ರ ಹೊತ್ತಿನ ಹಿಮದ ಅಳತೆ ನೋಡಿ. ಕ್ಯಾಲಿಫೋರ್ನಿಯಾದ ಜಲಸಂಪನ್ಮೂಲ ಇಲಾಖೆ ಪ್ರತಿವರ್ಷ ಪ್ರಕಟಿಸುತ್ತದೆ. 2023ರಂಥ ಭಾರಿ ಹಿಮದ ವರ್ಷದಲ್ಲಿ ಜುಲೈನಲ್ಲೂ ಗಲ್ಚ್ ಚೆನ್ನಾಗಿರುತ್ತದೆ. 2021ರಂಥ ಬರದ ವರ್ಷದಲ್ಲಿ ಬೇಸಿಗೆ ಮುಗಿಯುವ ಮೊದಲೇ ಬೆಟ್ಟ ಬೋಳಾಗುತ್ತದೆ. ಆಮೇಲೆ ಮೌಂಟ್ ಶಾಸ್ತಾ ಅವಲಾಂಚ್ ಸೆಂಟರ್‌ನ ಪುಟದಲ್ಲಿ ಅರಣ್ಯ ಇಲಾಖೆಯ ಕ್ಲೈಂಬಿಂಗ್ ರೇಂಜರ್‌ಗಳು ಬರೆಯುವ ವರದಿ ಓದಿ. ಅದರಲ್ಲಿ ಮೂರು ವಿಷಯ ಹುಡುಕಿ: ಎಡೆಬಿಡದ ಹಿಮ ಎಷ್ಟು ಅಡಿಯಿಂದ ಶುರುವಾಗುತ್ತದೆ, ರೆಡ್ ಬ್ಯಾಂಕ್ಸ್ ನಡುವಿನ ಓಣಿಗಳಲ್ಲಿ ಹಿಮ ತುಂಬಿದೆಯಾ, ಕೊನೆಯ ಹಿಮ ಬಿದ್ದದ್ದು ಯಾವತ್ತು. ವರದಿಯ ದಿನಾಂಕ ತಪ್ಪದೆ ನೋಡಿ. ಜೂನ್‌ನಲ್ಲಿ ಹತ್ತು ದಿನ ಹಳೆಯ ವರದಿ ಅಂದರೆ ಬೇರೆಯೇ ಬೆಟ್ಟದ ವರದಿ. ಹೆಲೆನ್ ಲೇಕ್‌ನಿಂದ ಮೇಲೂ ಹಿಮ ತುಂಡುತುಂಡಾಗಿದೆ ಅಂತಿದ್ದರೆ ಆ ವರ್ಷಕ್ಕೆ ಈ ದಾರಿ ಬಿಡಿ.

ಮೋಡ ನೋಡುವವಳು:

ಹವಾಮಾನದ ಅಂಕಿಗಳ ಬಗ್ಗೆ ನಾನು ಸೇರಿಸುತ್ತೇನೆ.

ಊರಿನ ಮುನ್ಸೂಚನೆಯಿಂದ ಉಪಯೋಗ ಇಲ್ಲ. ಮೌಂಟ್ ಶಾಸ್ತಾ ಪಟ್ಟಣ ಸುಮಾರು 3,600 ಅಡಿಯಲ್ಲಿದೆ, ಶಿಖರ 14,179 ಅಡಿ. ರಾಷ್ಟ್ರೀಯ ಹವಾಮಾನ ಸೇವೆಯ ತಾಣದಲ್ಲಿ ಭೂಪಟದ ಮೇಲೆ ಬೆಟ್ಟದ ಜಾಗವನ್ನೇ ಒತ್ತಿ. ಆ ಚೌಕಕ್ಕೆ ಅವರು ಹಿಡಿದಿರುವ ಎತ್ತರ ಪಕ್ಕದಲ್ಲೇ ಬರೆದಿರುತ್ತದೆ. ಅದು 9,000 ಅಡಿ ಅಂತಿದ್ದರೆ ಶಿಖರದ ಲೆಕ್ಕ ನೀವೇ ಹಾಕಬೇಕು. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಅಂಕಿ ಫ್ರೀಜಿಂಗ್ ಲೆವೆಲ್, ಅಂದರೆ ಗಾಳಿಯ ಉಷ್ಣತೆ ಶೂನ್ಯಕ್ಕೆ ಬರುವ ಎತ್ತರ. ರಾತ್ರಿ ಅದು 10,000 ಅಡಿಗಿಂತ ಕೆಳಗೆ ಬಂದರೆ ಹೆಲೆನ್ ಲೇಕ್‌ನಿಂದ ಮೇಲೆ ಹಿಮ ಚೆನ್ನಾಗಿ ಗಟ್ಟಿಯಾಗುತ್ತದೆ. 13,000 ದಾಟಿದ್ದರೆ ಆಕಾಶದ ಕಡೆ ನೋಡಬೇಕು. ಶುಭ್ರವಾದ, ಒಣ ಹವೆಯ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಗಾಳಿ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಿದ್ದರೂ ಹೆಪ್ಪುಗಟ್ಟಬಲ್ಲದು. ಆದರೆ ಪದರ ತೆಳು. ಅದೇ ರಾತ್ರಿ ಮೋಡ ಕವಿದರೆ ಶಾಖ ಹೊರಹೋಗುವುದಿಲ್ಲ, ಬೆಳಗ್ಗೆ ಹಿಮ ನೆಂದ ಹಾಗೇ ಇರುತ್ತದೆ. ಹಗಲು ಶುಭ್ರ, ರಾತ್ರಿ ಮೋಡ ಅಂತಿದ್ದರೆ ನನ್ನ ಪ್ರಕಾರ ಅದು ಅತ್ಯಂತ ಕೆಟ್ಟ ಜೋಡಿ.

ಗಾಳಿ ಶಿಖರದಲ್ಲಿ ಗಂಟೆಗೆ 40 ಮೈಲಿ ದಾಟುತ್ತದೆ ಅಂತಿದ್ದರೆ ಆ ದಿನ ಬಿಡಿ. ರೆಡ್ ಬ್ಯಾಂಕ್ಸ್ ದಾಟಿದ ಮೇಲೆ ಬರುವ ಮಿಸರಿ ಹಿಲ್ ಎಂಬ ಏರು, ಶಿಖರದ ಬಯಲು ಎರಡೂ ತೆರೆದ ಜಾಗ, ಮರೆ ಸಿಗುವುದಿಲ್ಲ. ಬೆಟ್ಟದ ತಲೆಯ ಮೇಲೆ ತಟ್ಟೆ ಕವುಚಿದಂಥ ನುಣುಪು ಮೋಡ ನಿಂತಿದ್ದರೆ ಮೇಲೆ ಗಾಳಿ ಜೋರಾಗಿದೆ, ತೇವವೂ ಬರುತ್ತಿದೆ ಅಂತ ಅರ್ಥ. ಶಾಸ್ತಾ ಈ ಲೆಂಟಿಕ್ಯುಲರ್ ಮೋಡಕ್ಕೇ ಹೆಸರುವಾಸಿ. ಎಲ್ಲರೂ ಫೋಟೋ ತೆಗೆಯುತ್ತಾರೆ, ಹತ್ತುವವರು ಅದನ್ನು ಎಚ್ಚರಿಕೆಯಾಗಿ ಓದಬೇಕು.

ಐಸ್ ಆಕ್ಸ್ ಮಲೆನಾಡು:

ಇಬ್ಬರೂ ಹೇಳಿದ್ದು ಸರಿ. ಆದರೆ ಒಂದು ತಿದ್ದುಪಡಿ. ಎಷ್ಟು ಬೇಗ ಹೊರಟರೆ ಅಷ್ಟು ಒಳ್ಳೆಯದು ಅಂತ ಹೊಸಬರು ತಿಳಿಯುತ್ತಾರೆ. ಯಾವಾಗಲೂ ಹಾಗಲ್ಲ. ಅವಲಾಂಚ್ ಗಲ್ಚ್ ನೈಋತ್ಯಕ್ಕೆ ಮುಖ ಮಾಡಿದೆ, ಪೂರ್ವಕ್ಕೆ ಸಾರ್ಜೆಂಟ್ಸ್ ರಿಡ್ಜ್ ಅಡ್ಡ ಇದೆ. ಹಾಗಾಗಿ ಬಿಸಿಲು ತಡವಾಗಿ ಬೀಳುತ್ತದೆ. ಚಳಿ ಹೆಚ್ಚಿದ್ದ ದಿನ ಇಳಿಜಾರು ಒಂಬತ್ತು ಹತ್ತು ಗಂಟೆವರೆಗೂ ಕಲ್ಲಿನಷ್ಟು ಗಟ್ಟಿ. ಅಂಥ ದಿನ ಮಧ್ಯರಾತ್ರಿಗೇ ಹೊರಟು, ಬೇಗ ಶಿಖರ ಮುಟ್ಟಿ, ಎಂಟಕ್ಕೇ ರೆಡ್ ಬ್ಯಾಂಕ್ಸ್‌ಗೆ ಇಳಿದು ಬಂದರೆ ಅತ್ಯಂತ ಜಾರುವ ಹೊತ್ತಿನಲ್ಲಿ, ದಣಿದ ಕಾಲಲ್ಲಿ ಇಳಿಯುತ್ತೀರಿ. ಸೆಕೆಯ ವಾರವಾದರೆ ಹೆಲೆನ್ ಲೇಕ್ ಎರಡಕ್ಕೆ ಬಿಡಿ, ಚಳಿಯ ವಾರವಾದರೆ ನಾಲ್ಕಕ್ಕೆ.

ಗಟ್ಟಿ ಮಂಜುಗಡ್ಡೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಜೂನ್ 6ರಂದು ಇದೇ ಬೆಟ್ಟದಲ್ಲಿ ಒಂದೇ ದಿನ ಹಲವರು ಜಾರಿಬಿದ್ದು ಗಂಭೀರವಾಗಿ ಗಾಯಗೊಂಡರು, ಒಬ್ಬ ಮಾರ್ಗದರ್ಶಕಿ ಪ್ರಾಣ ಕಳೆದುಕೊಂಡರು. ಜೂನ್ ಅಂದರೆ ಒಳ್ಳೆಯ ಕಾಲ ಅನ್ನುವ ಲೆಕ್ಕದಲ್ಲೇ ಆ ದಿನವೂ ಬರುತ್ತದೆ. ಗಡಸು ಮೇಲ್ಮೈಯಲ್ಲಿ ಜಾರಿದರೆ ಒಂದೆರಡು ಸೆಕೆಂಡಿನಲ್ಲಿ ವೇಗ ಎಷ್ಟಾಗುತ್ತದೆ ಅಂದರೆ ಐಸ್ ಆಕ್ಸ್ ಕಚ್ಚುವುದೇ ಇಲ್ಲ. ಆಂಕರ್ (ಹಗ್ಗ ಬಿಗಿಯಲು ಹಿಮಕ್ಕೆ ಊರುವ ಆಧಾರ) ಹಾಕದೆ ನಾಲ್ವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡರೆ ಒಬ್ಬರು ಜಾರಿದಾಗ ಉಳಿದವರನ್ನೂ ಎಳೆದುಕೊಂಡು ಹೋಗುತ್ತಾರೆ. ಒಂದು ದಿನದ ತರಬೇತಿ ಮೆದು ಹಿಮದಲ್ಲಿ ಆಗಿದ್ದರೆ ಈ ಸ್ಥಿತಿಗೆ ಸಾಲದು.

ಅಲ್ಲೇ ಮಾಡಬಹುದಾದ ಪರೀಕ್ಷೆ ಹೀಗೆ. ಹೊರಡುವ ಮುಂಚೆ ಟೆಂಟ್‌ನಿಂದ ಐವತ್ತು ಹೆಜ್ಜೆ ಮೇಲೆ ಹೋಗಿ, ತುಳಿಯದ ಹಿಮಕ್ಕೆ ಐಸ್ ಆಕ್ಸ್‌ನ ಕೋಲನ್ನು ಒತ್ತಿ. ಮೊನೆ ಮಾತ್ರ ಇಳಿದು ನಿಂತರೆ ಚೆನ್ನಾಗಿ ಹೆಪ್ಪುಗಟ್ಟಿದೆ. ಮೊದಲು ತಡೆದು ಆಮೇಲೆ ಸರ್ರನೆ ಒಳಗೆ ಹೋದರೆ ತೆಳು ಪದರ, ಒಳಗೆ ನೀರು ಹಿಡಿದ ಹಿಮ, ಸಮಯ ಕಡಿಮೆ. ಒತ್ತುತ್ತಿದ್ದಂತೆ ಹಿಡಿಯವರೆಗೂ ಇಳಿದರೆ ಆ ದಿನ ಹೊರಡಬೇಡಿ. ಗುದ್ದಿದರೂ ಮೊನೆ ಪುಟಿದು ಬರುತ್ತದೆ, ಕ್ರ್ಯಾಂಪಾನ್ ಹಲ್ಲು ಬರೀ ಗೀರು ಬಿಡುತ್ತದೆ ಅಂದರೂ ಹೊರಡಬೇಡಿ, ಇಲ್ಲವೇ ಬಿಸಿಲಿಗೆ ಕಾಯಿರಿ.

ಮೇಲೆ ಹೋಗುತ್ತಾ ಹೃದಯದ ಆಕಾರದ ಬಂಡೆಜಾಗ, ಅಂದರೆ ದಿ ಹಾರ್ಟ್, ಅದರ ಬಲಕ್ಕೆ ಇರಿ. ರೆಡ್ ಬ್ಯಾಂಕ್ಸ್‌ಗೆ ಬಿಸಿಲು ಹತ್ತಿದ ಕೂಡಲೆ ಮಂಜುಗಡ್ಡೆ ಹಿಡಿದಿಟ್ಟಿದ್ದ ಕಲ್ಲು ಬಿಡಿಸಿಕೊಳ್ಳುತ್ತದೆ. ಹೆಲ್ಮೆಟ್ ಹೆಲೆನ್ ಲೇಕ್‌ನಿಂದಲೇ ತಲೆಯ ಮೇಲಿರಲಿ. ಹಿಮದ ಮೇಲೆ ಹೊಸ ಕಲ್ಲು, ಅದರ ಹಿಂದೆ ಉದ್ದ ಗೀರು ಕಂಡರೆ ಅದು ಕಲ್ಲು ಉರುಳುವ ಓಣಿ, ಅಲ್ಲಿ ಸುಧಾರಿಸಿಕೊಳ್ಳಲು ಕೂರಬೇಡಿ. ಋತು ಮುಗಿಯುವ ಹೊತ್ತಿಗೆ ಥಂಬ್ ರಾಕ್ ಎಂಬ ಬಂಡೆಯ ಪಕ್ಕದಲ್ಲಿ ಹಿಮಕ್ಕೂ ಬಂಡೆಗೂ ನಡುವೆ ಬಿರುಕು ಬಾಯಿ ತೆರೆಯುತ್ತದೆ, ಅಂಚಿಗೆ ಹೋಗಬೇಡಿ. ಇಳಿಯುವಾಗ ಕೂತು ಜಾರುವುದಾದರೆ ಮೊದಲು ಕ್ರ್ಯಾಂಪಾನ್ ಬಿಚ್ಚಿ. ಹಲ್ಲು ಸಿಕ್ಕಿಕೊಂಡು ಕಣಕಾಲು ಮುರಿಯುವುದು ಇಲ್ಲಿ ಮತ್ತೆ ಮತ್ತೆ ಆಗುವ ಅಪಘಾತ.

ಸ್ಯಾನ್‌ಹೋಸೆ ಚಾರಣಿಗ:

ಎಲ್ಲರಿಗೂ ಧನ್ಯವಾದ. ಈ ವಾರದ ಅಂಕಿ ಹಾಕುತ್ತಿದ್ದೇನೆ. ಬುಧವಾರ ಮೇಲೆ 4 ಇಂಚು ಹೊಸ ಹಿಮ, ನೈಋತ್ಯದ ಗಾಳಿ. ಗುರುವಾರದಿಂದ ಬಿಸಿಲು. ಶನಿವಾರ ರಾತ್ರಿ ಫ್ರೀಜಿಂಗ್ ಲೆವೆಲ್ 13,500 ಅಡಿ, ಆಕಾಶ ಶುಭ್ರ. ಭಾನುವಾರ ಶಿಖರದಲ್ಲಿ ಗಾಳಿ 20ರಿಂದ 25 ಮೈಲಿ. ಎಡೆಬಿಡದ ಹಿಮ 8,500 ಅಡಿಯಿಂದ ಅಂತ ವರದಿ. ಇದನ್ನು ಹೇಗೆ ಓದಬೇಕು? ಇನ್ನೊಂದು: ಕ್ಲಿಯರ್ ಕ್ರೀಕ್ ದಾರಿ ಸುಲಭ ಅನ್ನುತ್ತಾರೆ, ಅದಕ್ಕೆ ಬದಲಾಯಿಸಿಕೊಳ್ಳಬಹುದಾ?

ಮೋಡ ನೋಡುವವಳು:

ಹಿಮ ಸಾಕಷ್ಟಿದೆ, ಗಾಳಿ ತೊಂದರೆ ಇಲ್ಲ. ಬುಧವಾರದ 4 ಇಂಚು ಮೂರು ದಿನದ ಬಿಸಿಲಿಗೆ ಬಹುಮಟ್ಟಿಗೆ ಕೂರುತ್ತದೆ. ಆದರೂ ನೈಋತ್ಯದ ಗಾಳಿ ಹಿಮವನ್ನು ಏಣುಗಳ ಈಶಾನ್ಯ ಮಗ್ಗುಲಿಗೆ ಒಯ್ದು ಗುಡ್ಡೆ ಹಾಕಿರುತ್ತದೆ, ಅಂಥ ಉಬ್ಬಿದ ಜಾಗಗಳಿಂದ ದೂರ ಇರಿ. ಚಿಂತೆ ಇರುವುದು 13,500 ಅಡಿಯ ವಿಷಯದಲ್ಲಿ. ಆಕಾಶ ಶುಭ್ರವಾಗಿದ್ದರೆ ತೆಳು ಪದರ ಕಟ್ಟುತ್ತದೆ, ಬೇಗ ಕರಗುತ್ತದೆ. ಎರಡಕ್ಕೆ ಹೊರಡಿ, ರೆಡ್ ಬ್ಯಾಂಕ್ಸ್ ಏಳರೊಳಗೆ ದಾಟಿ. ಅಲ್ಲಿಗೆ ಎಂಟೂವರೆ ಆದರೂ ಮುಟ್ಟದಿದ್ದರೆ ತಿರುಗಿ. ಶನಿವಾರ ರಾತ್ರಿ ಹನ್ನೆರಡಕ್ಕೆ ಎದ್ದು ನಕ್ಷತ್ರ ಕಾಣುತ್ತಿದೆಯಾ ನೋಡಿ. ಮೋಡ ಇದ್ದರೆ ಮತ್ತೆ ಮಲಗಿ, ಬೆಳಗಾದ ಮೇಲೆ ಕೆಳಗೆ ಇಳಿದುಬಿಡಿ.

ಕ್ಯಾಸ್ಕೇಡ್ ಗಿರಿ:

ಕ್ಲಿಯರ್ ಕ್ರೀಕ್ ಆಗ್ನೇಯ ಮಗ್ಗುಲಿನ ದಾರಿ. ಗಲ್ಚ್‌ನಲ್ಲಿ ಹಿಮ ಮುಗಿದ ಮೇಲೆ, ಜುಲೈ ಕೊನೆಯಿಂದ ಆಚೆ ಅದೇ ಸರಿ, ಇಳಿಜಾರು ಕಡಿಮೆ. ಜೂನ್ ಎರಡನೇ ವಾರಕ್ಕೆ ಅಲ್ಲಿಗೆ ಹೋಗುವ ಕಾಡುರಸ್ತೆ ಹಿಮ ಕರಗಿ ತೆರೆದಿದೆಯಾ ಅಂತ ಮೊದಲು ರೇಂಜರ್ ಠಾಣೆಗೆ ಫೋನ್ ಮಾಡಿ ಕೇಳಬೇಕು. ಅಲ್ಲಿನ ಅಪಾಯ ಬೇರೆ ಥರದ್ದು. ಮೇಲ್ಭಾಗ ಅಗಲ ಬಯಲು, ಮಂಜು ಮುಸುಕಿದರೆ ಇಳಿಯುವಾಗ ದಾರಿ ತಪ್ಪಿ ಮಡ್ ಕ್ರೀಕ್ ಕಮರಿಯ ಕಡೆಗೆ ಹೋಗುವವರಿದ್ದಾರೆ. ಹತ್ತುವಾಗಲೇ ಜಿಪಿಎಸ್‌ನಲ್ಲಿ ಹೆಜ್ಜೆ ದಾಖಲಿಸಿ, ಫೋನ್ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ.

ನಿಮ್ಮ ಅಂಕಿಗೆ ಗಲ್ಚ್ ಸಾಕು. ಸಾಧ್ಯವಾದರೆ ಶುಕ್ರವಾರ ರಾತ್ರಿಯೇ ಬಂದು ಬನ್ನಿ ಫ್ಲ್ಯಾಟ್‌ನಲ್ಲಿ ಮಲಗಿ. ಸಮುದ್ರಮಟ್ಟದಿಂದ ನೇರ ಬಂದು ಅದೇ ರಾತ್ರಿ 10,443 ಅಡಿಯಲ್ಲಿ ಮಲಗಿದರೆ ತಲೆನೋವು, ವಾಕರಿಕೆ ಬರುವ ಸಾಧ್ಯತೆ ಹೆಚ್ಚು, ಆಗ ಹೆಜ್ಜೆ ನಿಧಾನವಾಗಿ ಮೇಲೆ ಹೇಳಿದ ಗಂಟೆಯ ಲೆಕ್ಕವೆಲ್ಲ ತಪ್ಪುತ್ತದೆ. ಹೆಲೆನ್ ಲೇಕ್‌ನಲ್ಲಿ ಕೆರೆ ಹಿಮದಡಿ ಇರುತ್ತದೆ, ನೀರಿಗೆ ಹಿಮವನ್ನೇ ಕರಗಿಸಬೇಕು, ಹಾಗಾಗಿ ಗ್ಯಾಸ್ ಡಬ್ಬಿ ಒಂದು ಹೆಚ್ಚೇ ಇರಲಿ. 10,000 ಅಡಿಗಿಂತ ಮೇಲೆ ಹೋಗಲು ಸಮಿಟ್ ಪಾಸ್ ಬೇಕು, ವೈಲ್ಡರ್‌ನೆಸ್ ಪರ್ಮಿಟ್ ಬೇರೆ, ಮಲ ಹೊತ್ತು ತರುವ ಚೀಲ ಬನ್ನಿ ಫ್ಲ್ಯಾಟ್‌ನಲ್ಲೇ ಸಿಗುತ್ತದೆ.